ವೀರರ ಆಟ ಮತ್ತು ಮಕ್ಕಳ ಒಳ್ಳೆಯ ಅಭ್ಯಾಸಗಳು

ದಸರೆ ಸಮೀಪಿಸಿತೆಂದರೆ ದೆಹಲಿಯ ರಾಮಲೀಲಾ ಮೈದಾನಗಳ ಸುತ್ತಮುತ್ತ ಆಟಿಕೆಯ ಬಿಲ್ಲುಬಾಣಗಳು, ಗದೆಗಳು, ಹನುಮಂತನ ಮುಖವಾಡಗಳು ಮಾರಾಟಕ್ಕೆ ಬರುತ್ತವೆ. ಮುಂದೆ ಕೆಲವು ದಿನ ಬಡಾವಣೆಗಳ ಉದ್ಯಾನಗಳಲ್ಲಿ ಚಿಕ್ಕ ಮಕ್ಕಳ ಯುದ್ಧವೇ ನಡೆಯುತ್ತದೆ. ಉಳಿದ ಕಾಲದಲ್ಲಿ ಗದೆಯ ಬದಲು ಹೆಗಲ ಮೇಲಿನ ಟವೆಲು, ಹನುಮಂತನ ಬದಲು ಕಿರುತೆರೆಯ ವೀರ. ಆಟ ಮಾತ್ರ ಅದೇ. ಹಿರಿಯರು ಇದನ್ನು ಬರಿಯ ಗದ್ದಲವೆಂದು ಗದರಿಸುವುದುಂಟು. ಆದರೆ ಮಗುವಿನ ನಡತೆಯನ್ನು ತಿದ್ದಲು ಖರ್ಚಿಲ್ಲದೆ ದೊರೆಯುವ ಇಂತಹ ಸಾಧನಗಳು ವಿರಳ.

ಮೂರರಿಂದ ಏಳು ವರ್ಷದ ಮಗುವಿನ ದಿನವೆಲ್ಲ ಇತರರ ಅಪ್ಪಣೆಯಂತೆ ಸಾಗುತ್ತದೆ. ವೀರನ ವೇಷದಲ್ಲಿ ಮಾತ್ರ ಅದು ಬಲಶಾಲಿ, ತಾನೇ ನಿರ್ಧಾರ ಕೈಗೊಳ್ಳಬಲ್ಲ ವ್ಯಕ್ತಿ. ಆದರೂ ಆಟಕ್ಕೆ ತನ್ನದೇ ಕಟ್ಟಳೆಗಳಿವೆ. ಸುಮ್ಮನೆ ನಿಲ್ಲೆಂದರೆ ಅರೆನಿಮಿಷವೂ ನಿಲ್ಲದ ಮಗು, ಕಾವಲುಗಾರನ ಪಾತ್ರ ವಹಿಸಿದಾಗ ಅಲುಗದೆ ನಿಲ್ಲುತ್ತದೆ. ಆಟದಲ್ಲಿ ಮಗು ತನ್ನ ವಯಸ್ಸಿಗೆ ಮೀರಿದ ಸಂಯಮ ತೋರುತ್ತದೆಂಬುದನ್ನು ಸೋವಿಯತ್ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1933ರಷ್ಟು ಹಿಂದೆಯೇ ವಿವರಿಸಿದ್ದರು.

ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ನಿದರ್ಶನ 'ಶಕ್ತಿಮಾನ್' ಧಾರಾವಾಹಿ. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ ಈ ಧಾರಾವಾಹಿಯಲ್ಲಿ ಮುಖೇಶ್ ಖನ್ನಾ ವೀರನ ಪಾತ್ರ ವಹಿಸಿದ್ದರು. ಕಂತಿನ ಕೊನೆಗೆ ಒಂದು ಚಿಕ್ಕ ಭಾಗವಿರುತ್ತಿತ್ತು. ಯಾವುದೋ ಕೆಟ್ಟ ಅಭ್ಯಾಸದ ಮಗುವಿನ ಮುಂದೆ ಶಕ್ತಿಮಾನ್ ಪ್ರತ್ಯಕ್ಷನಾಗಿ ತಿಳಿಹೇಳುತ್ತಿದ್ದ. ಮಗು 'ಸಾರಿ ಶಕ್ತಿಮಾನ್' ಎನ್ನುತ್ತಿತ್ತು. ಮುಂದೆ ಈ ಭಾಗಕ್ಕೆ ಚಿಕ್ಕವಾದರೂ ತೂಕವುಳ್ಳ ಮಾತುಗಳು ಎಂಬರ್ಥದ ಹಿಂದಿ ಶೀರ್ಷಿಕೆ ಬಂದಿತು. ಮನೆಯಲ್ಲಿ ಹೇಳಿದರೆ ಕೇಳದ ಮಾತನ್ನು ಮಕ್ಕಳು ಶಕ್ತಿಮಾನನ ಬಾಯಿಂದ ಕೇಳಿದರು. ಪ್ರಯತ್ನ ಶ್ಲಾಘನೀಯವೇ. ಆದರೆ ಇಲ್ಲಿ ವೀರನು ಹೊರಗಿನವನು, ಮಗು ತಪ್ಪಿತಸ್ಥ ಎಂಬುದನ್ನು ಗಮನಿಸಬೇಕು. ವೀರನು ನೋಡುತ್ತಿದ್ದಾನೆಂಬ ಅಂಜಿಕೆ ಬಹುಕಾಲ ಬಾಳದು; ಮಗು ತಾನೇ ವೀರನಾದಾಗ ಫಲ ಬೇರೆ.

2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸಮರ್ಥಿಸುತ್ತದೆ. ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಬೇಸರ ತರಿಸುವ ಕೆಲಸವೊಂದನ್ನು 10 ನಿಮಿಷಗಳ ಕಾಲ ಕೊಡಲಾಯಿತು. ಬೇಕೆನಿಸಿದರೆ ಬಿಟ್ಟು ವಿಡಿಯೋ ಆಟವಾಡುವ ಅವಕಾಶವೂ ಇತ್ತು. ಬ್ಯಾಟ್‌ಮ್ಯಾನ್ ಮುಂತಾದ ಪಾತ್ರದ ವೇಷ ತೊಟ್ಟು, ಆ ಪಾತ್ರವೇ ತಾವೆಂದು ಭಾವಿಸಿದ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ನಿರತರಾಗಿದ್ದರು.

ಕೈತೊಳೆಯುವುದು, ಹಲ್ಲುಜ್ಜುವುದು, ಆಟಿಕೆಗಳನ್ನು ಎತ್ತಿಡುವುದು ಮಗುವಿನ ದೃಷ್ಟಿಯಲ್ಲಿ ಬೇಸರದ ಕೆಲಸಗಳೇ. ಸಾಬೂನಿನಿಂದ 20 ಸೆಕೆಂಡು ಕೈ ಉಜ್ಜಬೇಕೆಂದರೆ ಐದು ವರ್ಷದ ಮಗುವಿಗೆ ಅದು ದೀರ್ಘಕಾಲ. "ನಿನ್ನ ವೀರ ಊಟಕ್ಕೆ ಮುಂಚೆ ಏನು ಮಾಡುತ್ತಾನೆ?" ಎಂದು ತಾಯಿ ಕೇಳಿದರೆ ಉತ್ತರವನ್ನು ಮಗುವೇ ಕಲ್ಪಿಸುತ್ತದೆ. ವೀರನ ಹೆಸರನ್ನೂ ಶಕ್ತಿಯನ್ನೂ ಮಗುವೇ ಆರಿಸಲಿ. ಹೆಣ್ಣುಮಗು ಗದೆ ಹಿಡಿದರೆ ಆಕ್ಷೇಪಿಸಬೇಕಾದುದಿಲ್ಲ. "ವೀರರು ಅಳುವುದಿಲ್ಲ", "ಹೀಗೆ ಮಾಡಿದರೆ ನೀನು ವೀರನಲ್ಲ" ಎಂಬ ಮಾತುಗಳನ್ನು ಮಾತ್ರ ಆಡಕೂಡದು. ಅಲ್ಲಿಗೆ ಆಟ ದಂಡನೆಯಾಗಿಬಿಡುತ್ತದೆ. ಇನ್ನು ಹಲ್ಲುಜ್ಜುವ ವಿಷಯದಲ್ಲಿ, ಮಗು ಎಷ್ಟೇ ದೊಡ್ಡ ವೀರನಾಗಲಿ, ಸುಮಾರು ಏಳು ವರ್ಷದವರೆಗೆ ಹಿರಿಯರ ಕೈಯ ನೆರವು ಬೇಕೇ ಬೇಕು.

ಅಪಾಯದ ಮಾತನ್ನೂ ಇಲ್ಲಿ ಹೇಳಬೇಕು. ಶಕ್ತಿಮಾನ್ ಬಂದು ಕಾಪಾಡುವನೆಂದು ನಂಬಿ ಮಕ್ಕಳು ಅನಾಹುತಕ್ಕೆ ಈಡಾದರೆಂಬ ವರದಿಗಳು ಅಂದು ಪತ್ರಿಕೆಗಳಲ್ಲಿ ಪ್ರಕಟವಾಗಿದ್ದವು. ಅವುಗಳ ಬಗೆಗೆ ವಾದವಿವಾದಗಳೂ ನಡೆದವು. ತನ್ನ ಸಾಹಸಗಳನ್ನು ಅನುಕರಿಸಬಾರದೆಂದು ಖನ್ನಾ ಅವರೇ ತೆರೆಯ ಮೇಲೆ ಮಕ್ಕಳಿಗೆ ತಿಳಿಸಬೇಕಾಯಿತು. ಬಹುಮಹಡಿ ಕಟ್ಟಡಗಳು ತುಂಬಿರುವ ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ತಾರಸಿ ಮತ್ತು ಬಾಲ್ಕನಿಗಳನ್ನು ಈ ಆಟದಿಂದ ಸಂಪೂರ್ಣವಾಗಿ ದೂರವಿಡತಕ್ಕದ್ದು. ತೆರೆಯ ಮೇಲಿನ ಹಾರಾಟ ತಂತಿಗಳ ಮತ್ತು ಕ್ಯಾಮೆರಾದ ಕೈಚಳಕವೆಂದು ಬಿಡಿಸಿ ಹೇಳಬೇಕು. ಒಮ್ಮೆ ಹೇಳಿದರೆ ಸಾಲದು. ಬಟ್ಟೆಯನ್ನು ಕೊರಳಿಗೆ ಗಂಟು ಹಾಕಕೂಡದು, ಎಲ್ಲಿಯಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟೀತು. ಹೆಗಲ ಬಳಿ ಅಂಗಿಗೆ ಸಡಿಲವಾಗಿ ಸಿಕ್ಕಿಸಿದರೆ ಸಾಕು. ಯಾರೇ ಆಗಲಿ "ಸಾಕು" ಎಂದೊಡನೆ ಆಟ ನಿಲ್ಲಬೇಕು. ಗುಂಪಿನಲ್ಲಿ ದುರ್ಬಲವಾದ ಮಗುವಿಗೇ ದಿನವೂ ರಾಕ್ಷಸನ ಪಾತ್ರ ಬೀಳುತ್ತಿದ್ದರೆ, ಪಾತ್ರಗಳನ್ನು ಸರದಿಯಂತೆ ಬದಲಿಸುವಂತೆ ಹಿರಿಯರು ನೋಡಿಕೊಳ್ಳಬೇಕು.