ಇಸಿ ಮೀಟರ್ ಹೇಳುವುದು, ಹೇಳದಿರುವುದು

ನೀರು ಎಷ್ಟು ಉಪ್ಪು ಅಂತ ನೋಡಲು ಇಸಿ ಮೀಟರ್ ಅದ್ದುತ್ತೇವೆ. ಅದು ಅಳೆಯುವುದು ಉಪ್ಪನ್ನಲ್ಲ, ವಿದ್ಯುತ್ ವಾಹಕತೆಯನ್ನು. ಕರಗಿದ ಉಪ್ಪು ಅಯಾನುಗಳಾಗಿ ಕರೆಂಟ್ ಒಯ್ಯುತ್ತೆ, ಸಕ್ಕರೆ ಒಯ್ಯಲ್ಲ.

ಉಷ್ಣತೆ 1 ಡಿಗ್ರಿ ಏರಿದರೆ ವಾಹಕತೆ ಸುಮಾರು 2% ಏರುತ್ತೆ. ಅದಕ್ಕೇ ರೀಡಿಂಗನ್ನು 25 ಡಿಗ್ರಿಗೆ ಹೊಂದಿಸಿ ಬರೆಯುತ್ತಾರೆ. ಮೊದಲು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ: 25 ಡಿಗ್ರಿಯಲ್ಲಿ ಸೆಂ.ಮೀ.ಗೆ 1413 ಮೈಕ್ರೋಸೀಮೆನ್ಸ್ ಬರಬೇಕು.

ಬೋರ್‌ವೆಲ್ ನೀರು 1000 ತೋರಿಸಿತು ಅನ್ನಿ. ಸಾಮಾನ್ಯವಾಗಿ 0.5ರಿಂದ 0.7ರಿಂದ ಗುಣಿಸುತ್ತಾರೆ, ಅಂದರೆ ಲೀಟರಿಗೆ ಅಂದಾಜು 500ರಿಂದ 700 ಮಿ.ಗ್ರಾಂ ಲವಣ. ಯಾವ ಲವಣ ಅಂತ ಮೀಟರ್ ಹೇಳಲ್ಲ. ಕೋಲಾರ, ಪಾವಗಡದ ಕಡೆ ಕಾಡುವ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಅಷ್ಟು ಚೂರು ಈ ರೀಡಿಂಗ್‌ನಲ್ಲಿ ಗೊತ್ತೇ ಆಗಲ್ಲ. ರೀಡಿಂಗ್ ಕಡಿಮೆ ಬಂತು ಅಂತ ಲೋಟ ಎತ್ತಬೇಡಿ. ಫ್ಲೋರೈಡ್ ಪರೀಕ್ಷೆ ಬೇರೆಯೇ ಮಾಡಿಸಿ.