ಸಂತೆಯಲ್ಲಿ ಪರ್ಸು ಹೋದರೆ: ಮೊದಲ ಗಂಟೆಯ ಪಾಠ, ಜೊತೆಗೆ ಕೆರೆ ಮೀನಿನ ಸಾರು



ಈ ಸಲದ ಪಾಠ ಹೊಲದ್ದಲ್ಲ, ಜೇಬಿನದು. ಬೆಳೆಗೆ ಹುಳು ಬಿದ್ದರೆ ಮೊದಲ ದಿನವೇ ನೋಡಿ ಉಪಾಯ ಮಾಡಬೇಕೆಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಜೇಬಿಗೆ ಕಳ್ಳನ ಕೈ ಬಿದ್ದಾಗಲೂ ಅದೇ ಮಾತು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ದುಡ್ಡು ಕೊಟ್ಟು ಕಲಿತೆ. ನೀವು ದುಡ್ಡು ಕೊಡದೆ ಕಲಿಯಲಿ ಎಂದು ಬರೆಯುತ್ತಿದ್ದೇನೆ.

ನಡೆದ ಸಂಗತಿ

ಸಂತೆಯ ದಿನ ಸಂಜೆ ಒಂದು ಕಿಲೋ ಕೆರೆ ಮೀನು ಕೊಂಡು ಬಸ್ಸು ಹತ್ತಿದೆ. ಬಾಗಿಲಲ್ಲಿ ವಿಪರೀತ ನೂಕುನುಗ್ಗಲು. ಒಳಗೆ ಹೋಗಿ ಟಿಕೇಟಿಗೆಂದು ಹಿಂದಿನ ಜೇಬಿಗೆ ಕೈ ಹಾಕಿದರೆ ಪರ್ಸಿಲ್ಲ. ಕೈಯಲ್ಲಿ ಮೀನಿನ ಚೀಲ ಮಾತ್ರ ಉಳಿದಿತ್ತು. ನಾನು ಕೂಗಿದ ಕೂಡಲೆ ಬಸ್ಸು ನಿಂತಿತು. ಪಕ್ಕದಲ್ಲಿದ್ದ ಹದಿನೈದು ಹದಿನಾರು ವಯಸ್ಸಿನ ಹುಡುಗನೊಬ್ಬನ ಮೇಲೆ ಯಾರೋ ಬೆರಳು ತೋರಿಸಿದರು. ಅವನ ಅಂಗಿ ಹರಿದುಹೋಗಿತ್ತು, ಮುಖ ಪರಿಚಯವಿರಲಿಲ್ಲ; ಅಷ್ಟೇ ಅವನ ತಪ್ಪು. ಇಬ್ಬರು ಅವನ ಕೊರಳಪಟ್ಟಿ ಹಿಡಿದರು. ನಾನೂ ಸುಮ್ಮನಿರಲಿಲ್ಲ, ಅವನ ಚೀಲವನ್ನು ನಾನೇ ಸುರುವಿದೆ. ಒಂದು ಸೇರು ಹುರುಳಿಕಾಳು, ಒಂದು ಔಷಧಿಯ ಸೀಸೆ. ಪರ್ಸು ಇರಲಿಲ್ಲ.

ನಮ್ಮ ಊರಿನ ಹಿರಿಯರೊಬ್ಬರು ಆ ಹುಡುಗನನ್ನು ಬಿಡಿಸಿ, ಚೆಲ್ಲಿದ ಕಾಳನ್ನು ತಾವೇ ಆಯತೊಡಗಿದರು. "ಸ್ವಾಮಿ, ಹೋದದ್ದು ನಿಮ್ಮ ದುಡ್ಡು. ಅವನ ಮಾನ ಯಾಕೆ ತೆಗೀತೀರಿ?" ಎಂದರು. ನಾನು ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಅವನು ಮಾತಾಡಲಿಲ್ಲ.

ಆಮೇಲೆ ಬಸ್ಸಿಳಿದು ನಿಲ್ದಾಣವನ್ನೆಲ್ಲ ಹುಡುಕಿದೆ. ಹೀಗೆ ಒಂದು ಗಂಟೆ ಕಳೆಯಿತು. ಆ ಒಂದು ಗಂಟೆಯಲ್ಲೇ ಕಳ್ಳನು ಯಂತ್ರದಿಂದ ನನ್ನ ಖಾತೆಯ 8,000 ರೂಪಾಯಿ ತೆಗೆದಿದ್ದ. ಹೇಗೆಂದರೆ, ಕಾರ್ಡಿನ ಗುಟ್ಟಿನ ಸಂಖ್ಯೆಯನ್ನು, ಅಂದರೆ ಪಿನ್ ನಂಬರನ್ನು, ಚೀಟಿಯಲ್ಲಿ ಬರೆದು ಅದೇ ಪರ್ಸಿನಲ್ಲಿ ಇಟ್ಟಿದ್ದೆ! ಊರೂರಿಗೆ ಹೋಗಿ ಬುದ್ಧಿ ಹೇಳುವ ನಾನೇ ಬೀಗದ ಜೊತೆಗೇ ಬೀಗದ ಕೈಯನ್ನೂ ಕೊಟ್ಟಂತಾಯಿತು.

ಮೊದಲ ಗಂಟೆಯಲ್ಲಿ ಮಾಡತಕ್ಕದ್ದು

1. ಕಾರ್ಡು ನಿಲ್ಲಿಸಿ. ಹುಡುಕಾಟ, ಜಗಳ, ದೂರು ಎಲ್ಲವೂ ಇದರ ನಂತರ. ನಿಮ್ಮ ಫೋನಿನಿಂದಲೋ, ಪಕ್ಕದವರ ಫೋನಿನಿಂದಲೋ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ಬಂದ್ ಮಾಡಿಸಿ. ಕಿಸಾನ್ ಕ್ರೆಡಿಟ್ ಕಾರ್ಡು ಹೋಗಿದ್ದರೆ ಅದನ್ನೂ ಮರೆಯಬೇಡಿ. ದೂರು ದಾಖಲಾದ ಸಂಖ್ಯೆಯನ್ನೂ ವೇಳೆಯನ್ನೂ ಬರೆದಿಟ್ಟುಕೊಳ್ಳಿ. ನೀವು ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕು ಹೊಣೆ. ನಿಮ್ಮ ಅಜಾಗ್ರತೆಯಿಂದ, ತಿಳಿಸುವುದಕ್ಕೆ ಮುಂಚೆ ಹೋದ ಹಣಕ್ಕೆ ನೀವೇ ಹೊಣೆ. ರಿಸರ್ವ್ ಬ್ಯಾಂಕು 2017ರಲ್ಲಿ ಹಾಕಿಕೊಟ್ಟ ಕಟ್ಟಳೆ ಇದು. ನನ್ನ 8,000 ರೂಪಾಯಿ ಹಿಂದಕ್ಕೆ ಬಾರದಿದ್ದುದು ಇದರಿಂದಲೇ.

ಗುಟ್ಟಿನ ಸಂಖ್ಯೆ ಕಳ್ಳನಿಗೆ ಗೊತ್ತಿಲ್ಲವಲ್ಲ ಎಂದು ಧೈರ್ಯದಿಂದಲೂ ಕೂರಬೇಡಿ. ಅಲೆಯ ಗುರುತಿರುವ ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ತಾಗಿಸಿ, ಸಂಖ್ಯೆ ಒತ್ತದೆಯೇ 5,000 ರೂಪಾಯಿವರೆಗೆ ಕೊಳ್ಳಲು 2021ರ ಜನವರಿ 1ರಿಂದ ಅವಕಾಶ ಕೊಟ್ಟಿದ್ದಾರೆ.

2. ಬ್ಯಾಂಕಿನ ನಂಬರು ಎಲ್ಲಿ? ಅದು ಕಾರ್ಡಿನ ಹಿಂಬದಿಯಲ್ಲಿದೆ, ಕಾರ್ಡು ಕಳ್ಳನ ಬಳಿ ಇದೆ. ಆದ್ದರಿಂದ ಈ ದಿನವೇ ಆ ನಂಬರನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಗಾಬರಿಯಲ್ಲಿ ಅಂತರ್ಜಾಲದಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಕರೆಮಾಡಬೇಡಿ. ಬ್ಯಾಂಕಿನ ಹೆಸರಿನಲ್ಲಿ ಮೋಸಗಾರರೂ ನಂಬರು ಹಾಕಿರುತ್ತಾರೆ. ಗುಟ್ಟಿನ ಸಂಖ್ಯೆಯನ್ನೋ, ಫೋನಿಗೆ ಬಂದ ಓಟಿಪಿಯನ್ನೋ ಹೇಳಿರೆಂದು ಕೇಳುವವನು ಬ್ಯಾಂಕಿನವನಲ್ಲ.

3. ಫೋನೂ ಹೋಗಿದ್ದರೆ ಸಿಮ್ಮನ್ನು ಅದೇ ಗಳಿಗೆಯಲ್ಲಿ ಬಂದ್ ಮಾಡಿಸಿ. ಫೋನಿನ ಮೂಲಕ ಹಣ ಕೊಡುವ ಏರ್ಪಾಡಿದ್ದರೆ ಅದನ್ನೂ ನಿಲ್ಲಿಸಲು ಬ್ಯಾಂಕಿಗೆ ಹೇಳಿ. ಫೋನಿನ ಮೂಲಕವೋ ಅಂತರ್ಜಾಲದ ಮೂಲಕವೋ ಹಣ ಹೋಗಿದೆಯೆಂದು ಕಂಡರೆ 1930ಕ್ಕೆ ಕರೆಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು.

4. ಅನುಮಾನದ ಮೇಲೆ ಯಾರ ಮೈಮೇಲೂ ಕೈ ಮಾಡಬೇಡಿ. ಪರ್ಸು ಹೋದರೆ ಇನ್ನೊಂದು ಬರುತ್ತದೆ. ನಿರಪರಾಧಿಗೆ ಬಿದ್ದ ಪೆಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು.

ಮಾರನೆಯ ದಿನದೊಳಗೆ ಮಾಡತಕ್ಕದ್ದು

ಠಾಣೆಗೆ ಹೋಗಿ ದೂರು ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಕಳವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಬೇರೆ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಕಳುವಾಗಿದ್ದರೆ "ಕಳುವಾಗಿದೆ" ಎಂದೇ ಬರೆಯಿರಿ, "ಕಳೆದುಹೋಗಿದೆ" ಎಂದು ಬರೆಯಬೇಡಿ. ಪರ್ಸಿನಲ್ಲಿದ್ದ ಹಣ, ಕಾಗದಪತ್ರ, ಸ್ಥಳ, ವೇಳೆ ಎಲ್ಲವನ್ನೂ ಕಾಣಿಸಿ.

ಆಧಾರ್ ಚೀಟಿ ಹೋದರೆ ನಂಬರು ಬದಲಾಗುವುದಿಲ್ಲ. ಹೊಸ ಪ್ರತಿ ಪಡೆಯಬಹುದು. ಸಂಶಯವಿದ್ದರೆ 1947ಕ್ಕೆ ಕರೆಮಾಡಿ ವಿಚಾರಿಸಿ. ಬೆರಳಚ್ಚಿಗೆ ಬೀಗ ಹಾಕಿಡುವ ಅನುಕೂಲವೂ ಉಂಟು. ಬೆರಳೊತ್ತಿ ಹಣ ತೆಗೆಯುವಾಗ ಅದನ್ನು ತೆರೆದುಕೊಳ್ಳಬೇಕು. ವಾಹನ ಚಾಲನಾ ಪತ್ರದ ನಕಲಿಗೆ ಸಾರಿಗೆ ಕಛೇರಿಗೆ ಅರ್ಜಿ ಹಾಕಬೇಕು.

ಮೀನೂ ಕಾಯುವುದಿಲ್ಲ

ಆ ರಾತ್ರಿ ಮನೆ ಸೇರಿದಾಗ ಎಂಟೂವರೆ. ನನ್ನ ಮನೆಯಾಕೆ ವಿಷಯ ಕೇಳಿ, "ಬ್ಯಾಂಕಿಗೆ ಹೇಳಿದಿರಾ?" ಎಂದಳು. ಹೇಳಿದ್ದೇನೆ ಎಂದೆ. "ಹಾಗಾದರೆ ಮೀನು ಕೊಡಿ, ಅದನ್ನಾದರೂ ಉಳಿಸೋಣ" ಎಂದಳು. ಬುದ್ಧಿಯ ಮಾತು. ಸೆಕೆಯಲ್ಲಿ ಮೀನು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಮೀನುಗಾರನಿಂದ ಮಂಜುಗಡ್ಡೆ ಹಾಕಿಸಿ ತಂದದ್ದರಿಂದ ಅದು ಕೆಟ್ಟಿರಲಿಲ್ಲ. ಕೊಳ್ಳುವಾಗ ಕಣ್ಣು ತಿಳಿಯಾಗಿ, ಕಿವಿರು ಕೆಂಪಗೆ ಇದೆಯೇ ನೋಡಿ. ಬೆರಳಿನಿಂದ ಒತ್ತಿದರೆ ಮಾಂಸ ಪುಟಿಯಬೇಕು, ಗುಳಿ ಉಳಿಯಬಾರದು.

ಐದು ಜನರಿಗೆ ಬೇಕಾದ ಸಾಮಾನು: ಕಾಟ್ಲಾ, ರೋಹು ಅಥವಾ ಗೆಂಡೆ ಮೀನು 1 ಕಿಲೋ, ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಈರುಳ್ಳಿ 2, ಟೊಮೇಟೊ 2, ಬೆಳ್ಳುಳ್ಳಿ 1 ಗಡ್ಡೆ, ತೆಂಗಿನಕಾಯಿ ಅರ್ಧ ಹೋಳು, ಒಣಮೆಣಸಿನ ಪುಡಿ 2 ಚಮಚ, ಧನಿಯ ಪುಡಿ 3 ಚಮಚ, ಜೀರಿಗೆ, ಕಾಳುಮೆಣಸು ಒಂದೊಂದು ಚಮಚ, ಮೆಂತ್ಯ ಕಾಲು ಚಮಚ, ಅರಿಸಿನ, ಕರಿಬೇವು, ಉಪ್ಪು, ಎಣ್ಣೆ.

ಮಾಡುವ ವಿಧಾನ: ಮೀನಿನ ಹುರುಪೆ ಹೆರೆದು, ಕಿವಿರು ಕಿತ್ತು, ಹೊಟ್ಟೆ ಸೀಳಿ ತೊಳೆಯಿರಿ. ಪಿತ್ತದ ಚೀಲ ಒಡೆಯದಂತೆ ತೆಗೆಯಿರಿ. ಒಡೆದರೆ ಸಾರೆಲ್ಲ ಕಹಿ. ತುಂಡುಗಳಿಗೆ ಉಪ್ಪು, ಅರಿಸಿನ ಸವರಿ ಕಾಲು ಗಂಟೆ ಬಿಟ್ಟು, ಮತ್ತೆ ತೊಳೆಯಿರಿ. ಜೀರಿಗೆ, ಮೆಣಸು, ಅರ್ಧ ಬೆಳ್ಳುಳ್ಳಿ, ಕಾಯಿ, ಒಂದು ಈರುಳ್ಳಿಯನ್ನು ನುಣ್ಣಗೆ ರುಬ್ಬಿ. ಮಣ್ಣಿನ ಮಡಕೆಯಲ್ಲಿ ಎಣ್ಣೆ ಕಾಯಿಸಿ ಮೆಂತ್ಯ, ಕರಿಬೇವು, ಉಳಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ, ಟೊಮೇಟೊಗಳನ್ನು ಬಾಡಿಸಿ. ಪುಡಿಗಳನ್ನೂ ರುಬ್ಬಿದ್ದನ್ನೂ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು, ಹುಣಸೆ ರಸ, ನೀರು, ಉಪ್ಪು ಸೇರಿಸಿ ಚೆನ್ನಾಗಿ ಕುದಿಸಿ. ಮೀನನ್ನು ಕೊನೆಯಲ್ಲಿ ಬಿಡಬೇಕು. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಸಾಕು. ಸೌಟು ಹಾಕಿ ತಿರುವಿದರೆ ತುಂಡು ಒಡೆಯುತ್ತದೆ. ಬಟ್ಟೆಯಿಂದ ಮಡಕೆಯ ಕಂಠ ಹಿಡಿದು ಮೆಲ್ಲಗೆ ಕುಲುಕಿಸಿ. ಇಳಿಸಿ ಅರ್ಧ ಗಂಟೆ ಬಿಟ್ಟರೆ ಹುಳಿ ಖಾರ ಮೀನಿಗೆ ಹತ್ತುತ್ತದೆ. ರಾಗಿ ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರಿಲ್ಲ.

ದುಡ್ಡು ಹೋದ ದಿನ ಊಟ ಬಿಟ್ಟು ಮಲಗುವವರುಂಟು. ಅದರಿಂದ ಕಳ್ಳನಿಗೇನೂ ನಷ್ಟವಿಲ್ಲ. ನಾವು ಉಂಡೆವು. ಉಣ್ಣುವಾಗ ಆ ಹುಡುಗನ ಚೀಲದ ಕಾಳು ನೆನಪಾಯಿತು. ಅವನ ಮನೆಯಲ್ಲಿ ಔಷಧಿಗೆ ಯಾರು ಕಾದಿದ್ದರೋ ಎಂದುಕೊಂಡೆ. ಎಂಟು ಸಾವಿರಕ್ಕಿಂತ ಅದೇ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿದಿದೆ.

ಮನೆಯಲ್ಲಿ ಓದಿಸಿ, ಉತ್ತರ ಕೇಳಿ

1. ಪರ್ಸು ಹೋದ ಕೂಡಲೆ ಮೊದಲು ಮಾಡಬೇಕಾದ ಕೆಲಸ ಯಾವುದು?
2. ಗುಟ್ಟಿನ ಸಂಖ್ಯೆಯನ್ನು ಕಾರ್ಡಿನ ಜೊತೆ ಏಕೆ ಇಡಬಾರದು?
3. ನಿಮ್ಮ ಬ್ಯಾಂಕಿನ ನಂಬರನ್ನು ಮನೆಯಲ್ಲಿ ಎಲ್ಲಿ ಬರೆದಿಟ್ಟಿದ್ದೀರಿ?
4. ಮೀನನ್ನು ಸಾರಿಗೆ ಕೊನೆಯಲ್ಲಿ ಏಕೆ ಹಾಕಬೇಕು?

ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದವರು ಈ ಪತ್ರಿಕೆಯನ್ನು ಕೆಳಗಿಟ್ಟು, ಮೊದಲು ಅದನ್ನು ಬರೆದು ಬನ್ನಿ.