ಚಾರ್ಜಿಗಿಟ್ಟ ಬ್ಯಾಟರಿ ಮತ್ತು ಮನೆಯ ಒಂದೇ ಬಾಗಿಲು

(8ನೇ ತರಗತಿ ವಿಜ್ಞಾನ, ದಹನದ ಪಾಠಕ್ಕೆ ಪೂರಕ ಚಟುವಟಿಕೆ. ಅವಧಿ: 40 ನಿಮಿಷ)

ಪೀಠಿಕೆ: ಇಂಧನ, ಗಾಳಿ, ಶಾಖ ಈ ಮೂರರಲ್ಲಿ ಒಂದನ್ನು ತಪ್ಪಿಸಿದರೆ ಬೆಂಕಿ ಆರುತ್ತದೆ ಎಂಬುದನ್ನು ಮಕ್ಕಳು ಕಲಿತಿದ್ದರು. "ಚಾರ್ಜಿಗೆ ಹಾಕಿದ ಸ್ಕೂಟರ್ ಬ್ಯಾಟರಿ ಹೊತ್ತಿಕೊಂಡರೆ?" ಎಂದು ಕೇಳಿದೆ. "ಗೋಣಿಚೀಲ ಹೊದಿಸ್ತೀವಿ ಮೇಡಂ" ಎಂದರು. ಪಾಠದ ಪ್ರಕಾರ ಸರಿ. ಆದರೆ ಇಲ್ಲಿ ಅದು ಅಪಾಯದ ಉತ್ತರ.

ವಿವರಣೆ: ಲಿಥಿಯಂ-ಅಯಾನ್ ಕೋಶದ ಧನ, ಋಣ ಭಾಗಗಳ ನಡುವೆ ತೆಳುವಾದ ಪೊರೆಯಿದೆ. ಪೆಟ್ಟು, ಅತಿಯಾದ ಚಾರ್ಜ್ ಅಥವಾ ತಯಾರಿಕೆಯ ದೋಷದಿಂದ ಅದು ಹಾಳಾದರೆ ಒಳಗೇ ಶಾರ್ಟ್ ಆಗುತ್ತದೆ. ಆ ಶಾಖದಿಂದ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಮತ್ತಷ್ಟು ಶಾಖ ಹುಟ್ಟುತ್ತದೆ. ಪಕ್ಕದ ಕೋಶವೂ ಕಾಯುತ್ತದೆ. ಗಾಳಿ ತಡೆದರೂ ಈ ಸರಣಿ ನಿಲ್ಲದು. ಹೊಗೆಯೂ ವಿಷಕಾರಿ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಮನೆಯಲ್ಲಿ ಚಾರ್ಜಿಗಿಟ್ಟಿದ್ದ ಸ್ಕೂಟರ್ ಹೊತ್ತಿಕೊಂಡಾಗ ತಂದೆ, ಮಗಳು ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಆದ್ದರಿಂದ ಆರಿಸಲು ನಿಲ್ಲದೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು.

ಚಟುವಟಿಕೆ: ಪ್ರತಿಯೊಬ್ಬರೂ ಮನೆಯ ನಕ್ಷೆ ಬರೆದು ಬಾಗಿಲು, ಮಲಗುವ ಜಾಗ, ಪ್ಲಗ್ ಗುರುತಿಸಿದರು. "ದಾರಿಗೆ ಅಡ್ಡವಾಗಿ ಚಾರ್ಜ್ ಮಾಡಬಾರದು" ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಒಬ್ಬ ಹುಡುಗ ಎದ್ದು ನಿಂತ: "ನಮ್ದು ಒಂದೇ ರೂಮು ಮೇಡಂ. ಪ್ಲಗ್ ಇರೋದೂ ಬಾಗಿಲ ಪಕ್ಕದಲ್ಲೇ. ಎಲ್ಲಿ ಇಡೋದು?"

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಚರ್ಚೆಯಲ್ಲಿ ಇಷ್ಟು ಹೊರಬಂತು: ಜಾಗ ಬದಲಿಸಲಾಗದಿದ್ದರೆ ಹೊತ್ತು ಬದಲಿಸಬಹುದು. ಮಲಗಿದಾಗ ಬೇಡ, ದೊಡ್ಡವರು ಎಚ್ಚರವಿರುವಾಗ ಮಾತ್ರ. ತುಂಬಿದ ಕೂಡಲೇ ಪ್ಲಗ್ ತೆಗೆಯುವುದು. ಬಿಚ್ಚಬಹುದಾದ ಬ್ಯಾಟರಿಯನ್ನು ಹಾಸಿಗೆ, ಬಟ್ಟೆಗಳಿಂದ ದೂರ, ಬರಿಯ ನೆಲದ ಮೇಲೆ ಇಡುವುದು. ಗಾಡಿಯೊಂದಿಗೆ ಬಂದ ಚಾರ್ಜರನ್ನೇ ಬಳಸುವುದು. ಊದಿದ, ನೀರಲ್ಲಿ ಮುಳುಗಿದ, ವಾಸನೆ ಬರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ಸರ್ವಿಸ್ ಕೇಂದ್ರಕ್ಕೆ ತೋರಿಸುವುದು.

ಮಾರ್ಗದರ್ಶಕ ಶಿಕ್ಷಕರು ಅವಲೋಕನದಲ್ಲಿ ಬರೆದದ್ದು: "ನಿಯಮ ಮೊದಲು ಬಂತು, ಮನೆ ಆಮೇಲೆ ಬಂತು." ಮರುಪಾಠದಲ್ಲಿ ಕ್ರಮ ತಿರುಗಿಸಿದೆ. ಮೊದಲು ನಕ್ಷೆ, ನಂತರ ಅವರವರ ಮನೆಗೆ ಹೊಂದುವ ನಿಯಮ.

ಮೌಲ್ಯಮಾಪನ: ನಿನ್ನ ಮನೆಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿಯಿಂದ ಹೊಗೆ ಬಂದರೆ, ಮಲಗಿರುವ ಅಜ್ಜಿ ಯಾವ ದಾರಿಯಿಂದ ಹೊರಗೆ ಬರುತ್ತಾರೆ? ನಕ್ಷೆಯಲ್ಲಿ ಗೆರೆ ಎಳೆದು ತೋರಿಸು.